ರಕ್ತ ಪರೀಕ್ಷೆ ಬಂತು, ಇಂಜೆಕ್ಷನ್ನೂ ಬಂತು: ಮುತ್ತ್ಯಾನ ಮರೆವಿಗೆ ಮೊದಲು ಆಗಬೇಕಾದ್ದೇನು?

2025ರಲ್ಲಿ, ಮುಪ್ಪಿನಲ್ಲಿ ಮರೆವು ತರುವ ಅಲ್ಝೈಮರ್ಸ್ ಕಾಯಿಲೆ ಕುರಿತ ಸುದ್ದಿಗಳು ಒಂದರ ಹಿಂದೊಂದು ಬಂದವು. ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಕಾಯಿಲೆಯ ಪತ್ತೆಗೆ ನೆರವಾಗುವ ಮೊದಲ ರಕ್ತ ಪರೀಕ್ಷೆಗೆ ಅನುಮತಿ ಕೊಟ್ಟಿತು. ಸೆಪ್ಟೆಂಬರಿನಲ್ಲಿ ಇದೇ ಕಾಯಿಲೆಗೆ ಕೊಡುವ ಡೊನಾನೆಮಾಬ್ ಎಂಬ ಇಂಜೆಕ್ಷನ್ನಿಗೆ ಭಾರತದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ನವೆಂಬರಿನಲ್ಲಿ ಉಲ್ಟಾ ಸುದ್ದಿ: ಸಕ್ಕರೆ ಕಾಯಿಲೆಗೆ ಹೆಸರಾದ ಸೆಮಾಗ್ಲುಟೈಡ್ ಮಾತ್ರೆ ದೊಡ್ಡ ಪ್ರಯೋಗದಲ್ಲಿ ಅಲ್ಝೈಮರ್ಸ್‌ನ ವೇಗವನ್ನು ತಗ್ಗಿಸಲಿಲ್ಲ. ಮೊಬೈಲಿನಿಂದ ಮೊಬೈಲಿಗೆ ಹಾರುವಾಗ ಇವೆಲ್ಲ ಸೇರಿ ಒಂದೇ ಮಾತಾಯಿತು: ರಕ್ತ ಕೊಟ್ಟರೆ ಕಾಯಿಲೆ ಗೊತ್ತಾಗ್ತದ, ಇಂಜೆಕ್ಷನ್ ಕೊಟ್ಟರೆ ಮರೆವು ಹೋಗ್ತದ.

ಮನೆಯಲ್ಲಿ ಮರೆವಿನ ಮುತ್ತ್ಯಾನೋ ಆಯಿಯೋ ಇರುವ ಕಲಬುರಗಿ, ಬೀದರ್, ಯಾದಗಿರಿಯ ಕುಟುಂಬಗಳಿಗೆ ಹಾಗಾಗಿ ಒಂದು ಪ್ರಶ್ನೆ ಎದ್ದಿದೆ. ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಈ ಪರೀಕ್ಷೆ ಮಾಡಿಸಿಕೊಂಡು ಬರಬೇಕೇ? ಬಹುತೇಕರಿಗೆ ಈಗಲೇ ಬೇಕಿಲ್ಲ. ಅದಕ್ಕೂ ಮುಂಚೆ ತಾಲ್ಲೂಕು, ಜಿಲ್ಲಾ ಮಟ್ಟದಲ್ಲೇ ಆಗಬೇಕಾದ, ಹೆಚ್ಚು ಖರ್ಚಿಲ್ಲದ ಕೆಲಸ ಬಹಳ ಇದೆ. ಅದನ್ನು ಬಿಟ್ಟು ಮಾಡಿಸಿದ ರಕ್ತ ಪರೀಕ್ಷೆ ತಪ್ಪು ದಾರಿಗೆ ಹಚ್ಚುವ ಸಾಧ್ಯತೆಯೇ ಜಾಸ್ತಿ.

ರಕ್ತದಲ್ಲಿ ಕಾಣುವುದೇನು

ಅಲ್ಝೈಮರ್ಸ್ ಕಾಯಿಲೆಯಲ್ಲಿ ಮೆದುಳಿನ ಜೀವಕೋಶಗಳ ಹೊರಗೆ ಅಮಿಲಾಯ್ಡ್ ಎಂಬ ಪ್ರೋಟೀನ್ ಗಂಟುಗಟ್ಟುತ್ತದೆ, ಒಳಗೆ ಟಾವ್ ಎಂಬ ಇನ್ನೊಂದು ಪ್ರೋಟೀನ್ ಸಿಕ್ಕುಸಿಕ್ಕಾಗುತ್ತದೆ. ಇಷ್ಟು ದಿನ ಇದನ್ನು ಜೀವಂತ ಮನುಷ್ಯನಲ್ಲಿ ಖಚಿತಪಡಿಸಲು ಎರಡೇ ದಾರಿ ಇದ್ದವು: ಬೆನ್ನುಹುರಿಯ ನೀರು ತೆಗೆಯುವುದು, ಇಲ್ಲವೇ ಮೆದುಳಿನ ಅಮಿಲಾಯ್ಡನ್ನು ಚಿತ್ರದಲ್ಲಿ ತೋರಿಸುವ ಪೆಟ್ ಸ್ಕ್ಯಾನ್. ಎರಡನೆಯದು ನಮ್ಮ ದೇಶದಲ್ಲಿ ಕೆಲವೇ ಕಡೆ ಸಿಗುತ್ತದೆ. ಹೊಸ ಪರೀಕ್ಷೆ ರಕ್ತದಲ್ಲಿ ಪಿ-ಟಾವ್ 217 ಎಂಬ ಟಾವ್‌ನ ಒಂದು ರೂಪಕ್ಕೂ ಬೀಟಾ ಅಮಿಲಾಯ್ಡ್ 42 ಎಂಬ ಅಮಿಲಾಯ್ಡ್‌ನ ಒಂದು ರೂಪಕ್ಕೂ ಇರುವ ಅನುಪಾತವನ್ನು ಅಳೆಯುತ್ತದೆ.

ಅನುಮತಿಗೆ ಆಧಾರವಾದ ಅಧ್ಯಯನದಲ್ಲಿ 499 ಮಂದಿಯ ರಕ್ತವನ್ನು ಪೆಟ್ ಸ್ಕ್ಯಾನ್ ಅಥವಾ ಬೆನ್ನುನೀರಿನ ಫಲಿತಾಂಶದ ಜೊತೆ ಹೋಲಿಸಿದರು. ರಕ್ತದಲ್ಲಿ ‘ಇದೆ’ ಎಂದು ಬಂದವರ ಪೈಕಿ ಶೇ 91.7ರಷ್ಟು ಜನರಲ್ಲಿ ಅಮಿಲಾಯ್ಡ್ ನಿಜಕ್ಕೂ ಇತ್ತು. ‘ಇಲ್ಲ’ ಎಂದು ಬಂದವರಲ್ಲಿ ಶೇ 97.3ರಷ್ಟು ಜನರಲ್ಲಿ ಇರಲಿಲ್ಲ. ಶೇ 20ಕ್ಕಿಂತ ಸ್ವಲ್ಪ ಕಡಿಮೆ ಮಂದಿಗೆ ಇತ್ತಲೂ ಇಲ್ಲ ಅತ್ತಲೂ ಇಲ್ಲ ಎಂಬ ಫಲಿತಾಂಶ ಬಂತು. ಅನುಮತಿ ಇರುವುದು 55 ದಾಟಿದ, ಮರೆವಿನ ಲಕ್ಷಣ ಆಗಲೇ ಶುರುವಾಗಿರುವ, ತಜ್ಞರ ಬಳಿ ತಪಾಸಣೆಗೆ ಬಂದವರಿಗಷ್ಟೇ. ಸುದ್ದಿ ಹರಡುವಾಗ ಉದುರಿಹೋದದ್ದು ಈ ಕೊನೆಯ ಸಾಲು.

ಇನ್ನೊಂದು ತೊಡಕೂ ಇದೆ. ಮೂತ್ರಪಿಂಡ ಸೋತವರ ರಕ್ತದಲ್ಲಿ ಪಿ-ಟಾವ್ ಪ್ರಮಾಣ ತಾನಾಗಿಯೇ ಏರಿರುತ್ತದೆ. ಹತ್ತು-ಹದಿನೈದು ವರ್ಷ ಶುಗರ್, ಬಿಪಿ ಇರುವ ಹಿರಿಯರಲ್ಲಿ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡದೆ ಈ ಫಲಿತಾಂಶವನ್ನು ಓದಿದರೆ ಎಡವುವುದು ಖಂಡಿತ.

ಪರೀಕ್ಷೆ ಅದೇ, ಜಾಗ ಬದಲಾದರೆ ಅರ್ಥ ಬೇರೆ

ಲೆಕ್ಕಕ್ಕೆ ಸುಲಭವಾಗಲಿ ಎಂದು, ಒಂದು ಪರೀಕ್ಷೆ ಕಾಯಿಲೆ ಇದ್ದವರಲ್ಲಿ ನೂರಕ್ಕೆ 90 ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ 10 ಮಂದಿಗೆ ತಪ್ಪಾಗಿ ‘ಇದೆ’ ಎನ್ನುತ್ತದೆ ಎಂದುಕೊಳ್ಳೋಣ. ನರರೋಗ ತಜ್ಞರು ಸೋಸಿದ 100 ರೋಗಿಗಳಲ್ಲಿ 60 ಮಂದಿಗೆ ಕಾಯಿಲೆ ಇದ್ದರೆ ಪರೀಕ್ಷೆ ಅವರಲ್ಲಿ 54 ಮಂದಿಯನ್ನು ಹಿಡಿಯುತ್ತದೆ. ಉಳಿದ 40ರಲ್ಲಿ ನಾಲ್ವರಿಗೆ ತಪ್ಪಾಗುತ್ತದೆ. ಒಟ್ಟು 58 ‘ಇದೆ’ಗಳಲ್ಲಿ 54 ಸರಿ.

ಈಗ ಇದೇ ಪರೀಕ್ಷೆಯನ್ನು ಜಾತ್ರೆಯ ಬಯಲಲ್ಲಿ ನಡೆದ ಉಚಿತ ಶಿಬಿರಕ್ಕೆ ತನ್ನಿ. ಬಂದ 100 ಹಿರಿಯರಲ್ಲಿ ಕಾಯಿಲೆ ಇರುವವರು 10 ಮಂದಿ ಎಂದಿಟ್ಟುಕೊಂಡರೆ 9 ಮಂದಿ ಸಿಗುತ್ತಾರೆ, ಉಳಿದ 90ರಲ್ಲಿ 9 ಮಂದಿಗೆ ತಪ್ಪು ಹಣೆಪಟ್ಟಿ. ಹದಿನೆಂಟರಲ್ಲಿ ಒಂಬತ್ತು ಸುಳ್ಳು! ಯಂತ್ರ ಕೆಟ್ಟಿಲ್ಲ, ರಾಸಾಯನಿಕ ಹಳಸಿಲ್ಲ. ಯಾರಿಗೆ ಮಾಡಿದರು ಎಂಬುದಷ್ಟೇ ಬದಲಾಗಿದೆ.

ತಜ್ಞರೊಳಗಿನ ಜಗಳವೂ ಇಲ್ಲಿಂದಲೇ ಹುಟ್ಟಿದ್ದು. 2024ರಲ್ಲಿ ಅಮೆರಿಕದ ಅಲ್ಝೈಮರ್ಸ್ ಅಸೋಸಿಯೇಷನ್ ಹೊಸ ಮಾನದಂಡ ಪ್ರಕಟಿಸಿತು. ಮೆದುಳಿನಲ್ಲಿ ಈ ಬದಲಾವಣೆ ಇದ್ದರೆ, ಲಕ್ಷಣ ಇರಲಿ ಬಿಡಲಿ, ಅದನ್ನು ಕಾಯಿಲೆ ಎಂದೇ ಕರೆಯಬೇಕು ಎಂಬುದು ಅದರ ವಾದ. ಕ್ಯಾನ್ಸರ್ ಗಡ್ಡೆ ನೋವು ಕೊಡುವವರೆಗೂ ಅದು ಕ್ಯಾನ್ಸರ್ ಅಲ್ಲ ಎನ್ನುತ್ತೇವೆಯೇ ಎಂದು ಆ ಪಾಳಯ ಕೇಳುತ್ತದೆ. ಅದೇ ವರ್ಷ ಅಂತರರಾಷ್ಟ್ರೀಯ ಕಾರ್ಯತಂಡ ಎಂಬ ತಜ್ಞರ ಗುಂಪು ಇದನ್ನು ಒಪ್ಪಲಿಲ್ಲ. ಅಮಿಲಾಯ್ಡ್ ಇದ್ದೂ ಸಾಯುವವರೆಗೆ ಮರೆವೇ ಬಾರದವರು ಬಹಳ ಮಂದಿ. ಅವರನ್ನು ರೋಗಿ ಎನ್ನದೆ ಅಪಾಯದಲ್ಲಿರುವವರು ಎನ್ನಬೇಕು ಎಂಬುದು ಅವರ ನಿಲುವು. ಸಂಶೋಧನೆಗೆ ಮೊದಲ ವಾದ ಸರಿಹೊಂದಬಹುದು. ಆದರೆ ರೋಗಿಗೆ ಮುಂದೆ ಕೊಡಲು ಮದ್ದಾಗಲಿ ತಜ್ಞರಾಗಲಿ ಹತ್ತಿರದಲ್ಲಿ ಇಲ್ಲದ ಕಡೆ ಎರಡನೆಯದನ್ನು ಪಾಲಿಸುವುದೇ ವಿವೇಕ. ಆರೋಗ್ಯವಾಗಿರುವವರಿಗೆ ‘ಮೆಮೊರಿ ಪ್ಯಾಕೇಜ್’ ಎಂದು ಈ ಪರೀಕ್ಷೆ ಮಾರುವ ದಿನ ದೂರವಿಲ್ಲ. ಬಂದಾಗ ದೂರ ಇಡಿ.

ಇಂಜೆಕ್ಷನ್ನಿನ ಲಾಭ, ಇಂಜೆಕ್ಷನ್ನಿನ ಲೆಕ್ಕ

ಡೊನಾನೆಮಾಬ್ ಮೆದುಳಿನ ಅಮಿಲಾಯ್ಡನ್ನು ನಿಜವಾಗಿ ಕರಗಿಸುತ್ತದೆ, ಇದರಲ್ಲಿ ವಿವಾದವಿಲ್ಲ. 1,736 ಮಂದಿಯ ಮೇಲೆ 76 ವಾರ ನಡೆದ ಪ್ರಯೋಗದಲ್ಲಿ, ಟಾವ್ ಪ್ರಮಾಣ ಇನ್ನೂ ಕಡಿಮೆ ಅಥವಾ ಮಧ್ಯಮ ಇದ್ದವರಲ್ಲಿ ಕುಸಿತ ಸುಮಾರು ಶೇ 35ರಷ್ಟು ನಿಧಾನವಾಯಿತು. ಈ ‘ಶೇ 35’ ಎಂಬುದೇ ಎಲ್ಲ ಗೊಂದಲದ ಮೂಲ. ನೆನಪು ಶೇ 35 ವಾಪಸ್ ಬಂತು ಎಂದು ಓದಿಕೊಂಡವರೇ ಹೆಚ್ಚು. ನಡೆದದ್ದು ಇಷ್ಟು: 18 ಅಂಕದ ಒಂದು ಮಾಪಕದಲ್ಲಿ ಮದ್ದಿಲ್ಲದವರು 1.88 ಅಂಕ ಹದಗೆಟ್ಟರು, ಮದ್ದು ಪಡೆದವರು 1.20 ಅಂಕ ಹದಗೆಟ್ಟರು. ಇಬ್ಬರೂ ಇಳಿದರು, ಒಬ್ಬರು ತುಸು ನಿಧಾನವಾಗಿ. ಇದೇ ಬಗೆಯ ಇನ್ನೊಂದು ಮದ್ದು ಲೆಕಾನೆಮಾಬ್‌ನಲ್ಲಿ ಅದೇ ಮಾಪಕದ ವ್ಯತ್ಯಾಸ 18 ತಿಂಗಳಿಗೆ 0.45.

ಕೆಲವು ತಿಂಗಳ ನಿಧಾನವನ್ನು ಕೀಳಾಗಿ ಕಾಣಬೇಕಿಲ್ಲ. ಮೊಮ್ಮಗಳ ಮದುವೆಯಲ್ಲಿ ನೆಂಟರ ಗುರುತು ಹಿಡಿಯುವುದೂ ದೊಡ್ಡದೇ. ಆದರೆ ಎದುರು ತಟ್ಟೆಯಲ್ಲಿ ಏನಿದೆ ಎಂಬುದನ್ನೂ ನೋಡಬೇಕು. ಡೊನಾನೆಮಾಬ್ ಪಡೆದ ನೂರರಲ್ಲಿ 24 ಮಂದಿಯ ಸ್ಕ್ಯಾನಿನಲ್ಲಿ ಮೆದುಳಿನ ಊತ ಕಂಡಿತು. ಬಹುಪಾಲು ಮಂದಿಗೆ ಅದು ಗೊತ್ತೇ ಆಗಲಿಲ್ಲ. ಆದರೂ ಮದ್ದಿಗೆ ಸಂಬಂಧಿಸಿದ ಮೂರು ಸಾವು ಆ ಪ್ರಯೋಗದಲ್ಲಿ ದಾಖಲಾದವು. ಎಪಿಒಇ4 ಎಂಬ ಜೀನಿನ ಎರಡು ಪ್ರತಿ ಹೊತ್ತವರಿಗೆ ಅಪಾಯ ಎಲ್ಲರಿಗಿಂತ ಹೆಚ್ಚು. ಯುರೋಪಿನ ಔಷಧ ಸಂಸ್ಥೆ 2024ರ ಜುಲೈನಲ್ಲಿ ಲೆಕಾನೆಮಾಬನ್ನು ಬೇಡ ಎಂದು, ನವೆಂಬರಿನಲ್ಲಿ ಅಂಥವರನ್ನು ಹೊರಗಿಟ್ಟು ಒಪ್ಪಿಕೊಂಡದ್ದು ಇದೇ ಕಾರಣಕ್ಕೆ.

ಈಗ ಸುರಪುರದ ಒಬ್ಬ ಹಿರಿಯರಿಗೆ ಇದನ್ನು ಕೊಡಬೇಕು ಅನ್ನಿ. ಕಾಯಿಲೆ ಆರಂಭದ ಹಂತದಲ್ಲಿರಬೇಕು. ಸ್ನಾನ, ಬಟ್ಟೆಗೆ ಬೇರೆಯವರ ಕೈ ಬೇಕಾದವರಿಗೆ ಇದು ಇಲ್ಲ. ಅಮಿಲಾಯ್ಡ್ ಇದೆ ಎಂದು ಸಾಬೀತಾಗಬೇಕು. ಎಂಆರ್‌ಐನಲ್ಲಿ ಸೂಕ್ಷ್ಮ ರಕ್ತಸ್ರಾವದ ಚುಕ್ಕೆಗಳು ನಾಲ್ಕಕ್ಕಿಂತ ಹೆಚ್ಚಿದ್ದರೆ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್‌ನಂಥ ಮಾತ್ರೆ ನಡೆಯುತ್ತಿದ್ದರೆ ಸಾಮಾನ್ಯವಾಗಿ ಹೊರಗಿಡುತ್ತಾರೆ. ಆಮೇಲೆ ತಿಂಗಳಿಗೊಮ್ಮೆ ರಕ್ತನಾಳದಲ್ಲಿ ಮದ್ದು; ಶುರುವಿಗೆ ಮುಂಚೆ ಒಂದು ಎಂಆರ್‌ಐ, 2, 3, 4 ಮತ್ತು 7ನೆಯ ಡೋಸಿಗೆ ಮುಂಚೆ ಒಂದೊಂದು. ಮೊದಲ ಆರು ತಿಂಗಳಲ್ಲೇ ಐದು! ಅಮೆರಿಕದಲ್ಲಿ ಮದ್ದಿನದೊಂದೇ ಪಟ್ಟಿ ಬೆಲೆ ವರ್ಷಕ್ಕೆ 32,000 ಡಾಲರ್ ಇತ್ತು.

ಒಂದು ಅಪಾಯದ ಬಗ್ಗೆ ಜಿಲ್ಲಾಸ್ಪತ್ರೆಗಳ ತುರ್ತು ವಿಭಾಗಕ್ಕೆ ಈಗಲೇ ತಿಳಿದಿರಬೇಕು. ಈ ಮದ್ದಿನಿಂದ ಬರುವ ಊತ ಲಕ್ವಾದ ಹಾಗೆಯೇ ಕಾಣಬಹುದು: ಮಾತು ತೊದಲುವುದು, ಕೈ ಸೋಲುವುದು. ಲಕ್ವಾ ಎಂದುಕೊಂಡು ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಮೆದುಳಿನಲ್ಲಿ ಭಾರೀ ರಕ್ತಸ್ರಾವವಾಗಿ ಜೀವವೇ ಹೋದೀತು. ಹೈದರಾಬಾದಿನಲ್ಲಿ ಡೋಸ್ ಪಡೆದು ಊರಿಗೆ ಮರಳಿದವರ ಕಿಸೆಯಲ್ಲಿ ಮದ್ದಿನ ಹೆಸರು, ಕೊನೆಯ ಡೋಸಿನ ದಿನಾಂಕ ಬರೆದ ಚೀಟಿ ಇರಲೇಬೇಕು.

ಮರೆವು ಒಂದೇ, ಕಾರಣ ಹಲವು

ಹಾಗಿದ್ದರೆ ಮೊದಲ ಹೆಜ್ಜೆ ಯಾವುದು? ವೈದ್ಯರು ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ದಿನದಿಂದ?’ ಇದಕ್ಕೆ ರೋಗಿಗಿಂತ ಜೊತೆಗೆ ಬಂದವರ ಉತ್ತರ ಮುಖ್ಯ, ಅದರಲ್ಲೂ ದಿನಾ ಊಟ ಬಡಿಸುವ ಸೊಸೆಯ ಉತ್ತರ. ಊರಿಂದ ಹಬ್ಬಕ್ಕೆ ಬಂದ ಮಗ ಹೇಳುವುದು ಅರ್ಧ.

ಎರಡು ದಿನದಿಂದ ಎಂದರೆ ಅದು ಅಲ್ಝೈಮರ್ಸ್ ಆಗಿರುವುದಿಲ್ಲ, ಸನ್ನಿ. ಬೆಳಿಗ್ಗೆ ಸರಿ, ಸಂಜೆ ಗುರುತೇ ಇಲ್ಲ, ಮಾತಿನ ನಡುವೆಯೇ ಜೊಂಪು; ಇದು ಸನ್ನಿಯ ಚಹರೆ. ನಮ್ಮ ಭಾಗದ ಏಪ್ರಿಲ್-ಮೇ ಬಿಸಿಲಿನಲ್ಲಿ ಪಾರಾ 42-43 ದಾಟಿದಾಗ, ಬಿಪಿಗೆಂದು ನೀರು ಇಳಿಸುವ ಮಾತ್ರೆ ನುಂಗುವ ಮುದುಕರಲ್ಲಿ ಸೋಡಿಯಂ ಇಳಿದು ಹೀಗಾಗುವುದುಂಟು. ಮೂತ್ರದ ಸೋಂಕು, ನಾಲ್ಕು ದಿನದ ಮಲಬದ್ಧತೆ, ಮೂತ್ರ ಕಟ್ಟಿಕೊಂಡಿರುವುದು, ನ್ಯುಮೋನಿಯಾ ಇವೂ ಸನ್ನಿ ತರುತ್ತವೆ. ‘ವಯಸ್ಸಾಯಿತು, ಅರಳು ಮರಳು’ ಎಂದು ಮನೆಯಲ್ಲೇ ಉಳಿಸಿಕೊಂಡರೆ ವಾಸಿಯಾಗಬಲ್ಲ ಕಾಯಿಲೆಗೇ ಪ್ರಾಣ ಹೋಗುತ್ತದೆ.

ಕೆಲವು ವಾರದಿಂದ ಎಂದರೆ ಬಿದ್ದದ್ದುಂಟೇ ಎಂದು ಕೇಳಬೇಕು. ಬಚ್ಚಲಲ್ಲಿ ಜಾರಿದ್ದು, ಬೈಕಿನ ಹಿಂದಿನಿಂದ ಬಿದ್ದದ್ದು ಯಾರಿಗೂ ನೆನಪಿರುವುದಿಲ್ಲ. ಆ ಸಣ್ಣ ಪೆಟ್ಟಿಗೆ ತಲೆಬುರುಡೆಯ ಒಳಗೆ ರಕ್ತ ನಿಧಾನವಾಗಿ ಶೇಖರವಾಗಿ ಮರೆವು, ಮಂಪರು ಬರುತ್ತವೆ. ಆಸ್ಪಿರಿನ್ ನುಂಗುವವರಲ್ಲಿ ಇದು ಇನ್ನೂ ಸುಲಭ. ಒಂದು ಸಿಟಿ ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ, ಶಸ್ತ್ರಚಿಕಿತ್ಸೆಯಿಂದ ಸರಿಹೋಗುತ್ತದೆ. ಮರೆವಿನ ಜೊತೆ ಕಾಲೆಳೆದು ನಡೆಯುವುದು, ಬಟ್ಟೆಯಲ್ಲೇ ಮೂತ್ರ ಹೋಗುವುದು ಸೇರಿದ್ದರೆ ಮೆದುಳಿನಲ್ಲಿ ನೀರು ತುಂಬಿಕೊಂಡಿದೆಯೇ ಎಂದೂ ಅದೇ ಸ್ಕ್ಯಾನ್ ಹೇಳುತ್ತದೆ.

ತಿಂಗಳುಗಟ್ಟಲೆ ಹಿಂದಿನದಾದರೆ ರಕ್ತದ ಸಾದಾ ಪರೀಕ್ಷೆಗಳು ಬೇಕು: ಹಿಮೋಗ್ಲೋಬಿನ್, ಶುಗರ್, ಸೋಡಿಯಂ, ಕ್ಯಾಲ್ಸಿಯಂ, ಕ್ರಿಯಾಟಿನಿನ್, ಯಕೃತ್ತಿನದು, ಥೈರಾಯ್ಡಿನ ಟಿಎಸ್‌ಎಚ್, ವಿಟಮಿನ್ ಬಿ12; ಸಂಶಯವಿದ್ದರೆ ಎಚ್‌ಐವಿ ಮತ್ತು ಸಿಫಿಲಿಸ್. ಬಿ12ನ್ನು ಇಲ್ಲಿ ಬಿಡಲೇಬಾರದು. ಮಾಂಸ ತಿನ್ನದ ಮನೆ, ಶುಗರಿಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಗ್ಯಾಸಿಗೆಂದು ದಿನಾ ಪ್ಯಾಂಟೊಪ್ರಜೋಲ್; ಈ ಮೂರೂ ಒಬ್ಬರಲ್ಲೇ ಸೇರುವುದು ಅಪರೂಪವಲ್ಲ, ಮೂರೂ ಬಿ12ನ್ನು ತಗ್ಗಿಸುತ್ತವೆ. ಹಾಗೆಂದು ಬಿ12 ಸರಿಯಿದ್ದವರಿಗೂ ಬಣ್ಣದ ಇಂಜೆಕ್ಷನ್ ಚುಚ್ಚುತ್ತ ಹೋದರೆ ಮರೆವೇನೂ ಕಡಿಮೆಯಾಗದು.

ಖಿನ್ನತೆಯಿಂದಲೂ ಮರೆವು ಬರುತ್ತದೆ, ಅದನ್ನು ಹಲವು ಸಲ ಮಾತಿನಲ್ಲೇ ಹಿಡಿಯಬಹುದು. ಖಿನ್ನತೆ ಇರುವವರು ಯಾವ ಪ್ರಶ್ನೆಗೂ ‘ನಂಗೇನೂ ತಿಳೀವಲ್ದು’ ಎಂದು ಕೈಚೆಲ್ಲುತ್ತಾರೆ. ಅಲ್ಝೈಮರ್ಸ್ ಇರುವವರು ಮರೆತದ್ದನ್ನು ಮುಚ್ಚಲು ನೆಪ ಕಟ್ಟುತ್ತಾರೆ, ನಗುತ್ತ ಮಗಳ ಕಡೆ ತಿರುಗಿ ‘ಹೇಳವಾ’ ಎನ್ನುತ್ತಾರೆ.

ಇಲ್ಲದ ಮಕ್ಕಳು, ಪ್ರಾಣಿಗಳು ಕಣ್ಣಿಗೆ ಕಾಣುತ್ತಿದ್ದರೆ, ನಡಿಗೆ ಬಿಗಿಯಾಗಿದ್ದರೆ ಅದು ಲೆವಿ ಬಾಡಿ ಎಂಬ ಬೇರೆ ಕಾಯಿಲೆ ಇರಬಹುದು. ಗಾಳಿ ಸೋಕಿದೆ ಎಂದು ಗಾಣಗಾಪುರಕ್ಕೆ ಕರೆದೊಯ್ಯುವವರಿದ್ದಾರೆ, ಹೋಗಿಬರಲಿ, ಅಡ್ಡಿಯಿಲ್ಲ. ಅಡ್ಡಿ ಇರುವುದು ಭ್ರಮೆ ತಗ್ಗಿಸಲೆಂದು ಹ್ಯಾಲೊಪೆರಿಡಾಲ್ ಎಂಬ ಮದ್ದು ಕೊಡುವುದಕ್ಕೆ. ಈ ಕಾಯಿಲೆಯಲ್ಲಿ ಅದರ ಸಣ್ಣ ಡೋಸೂ ಮೈ ಮರಗಟ್ಟಿಸಿ ಹಾಸಿಗೆ ಹಿಡಿಸಬಲ್ಲದು.

ಓದು ಬಾರದ ಆಯಿಯ ಪರೀಕ್ಷೆ

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 52ರ ಆಸುಪಾಸು, ರಾಜ್ಯದಲ್ಲೇ ಕಡಿಮೆ. ಇಂದು ಎಪ್ಪತ್ತು ದಾಟಿದ ಹೆಂಗಸರನ್ನಷ್ಟೇ ತೆಗೆದುಕೊಂಡರೆ ಶಾಲೆಯ ಮುಖ ನೋಡಿದವರು ಇನ್ನೂ ವಿರಳ. ಇವರಿಗೆ 30 ಅಂಕದ ಸಾಮಾನ್ಯ ಪ್ರಶ್ನಾವಳಿ ಹಿಡಿದು, ನೂರರಿಂದ ಏಳೇಳು ಕಳೆಯಿರಿ, ಒಂದು ವಾಕ್ಯ ಬರೆಯಿರಿ, ಇವತ್ತು ತಾರೀಖು ಎಷ್ಟು ಎಂದರೆ ಆರೋಗ್ಯವಂತರೂ ನಪಾಸಾಗುತ್ತಾರೆ. ಅಮಾವಾಸ್ಯೆ, ಹುಣ್ಣಿಮೆ, ಸಂತೆಯ ದಿನ ಹಿಡಿದು ಬದುಕಿದವರಿಗೆ ತಾರೀಖು ಗೊತ್ತಿಲ್ಲದಿರುವುದು ರೋಗವಲ್ಲ. ಹರಿಯಾಣದ ಬಲ್ಲಭಗಢದಲ್ಲಿ ಓದು ಬಾರದವರಿಗೆಂದೇ ಹಿಂದಿಯಲ್ಲಿ ಇಂಥ ಪರೀಕ್ಷೆ ರೂಪಿಸಿದ್ದು ಈ ತೊಡಕಿಗಾಗಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ನೆನಪಿನ ಪರೀಕ್ಷೆಗಳ ಗುಚ್ಛ ಕನ್ನಡದಲ್ಲೂ ತೆಲುಗಿನಲ್ಲೂ ಇದೆ. ದಖನಿ, ಲಂಬಾಣಿ, ಮರಾಠಿ ಮನೆಮಾತಿನವರಿಗೆ ಅವರ ಮಾತು ಬಲ್ಲ ನರ್ಸನ್ನು ಕೂರಿಸಿಕೊಳ್ಳದೆ ಅಂಕ ಹಾಕಬಾರದು.

ಪರೀಕ್ಷೆಗೆ ಕೂರಿಸುವ ಮುಂಚೆ ಕಿವಿಯ ಗುಗ್ಗೆ ತೆಗೆಸಿ, ಚಾಳೀಸು ಹಾಕಿಸಿ. ಮೋತಿಬಿಂದು ಇದ್ದರೆ ಗುರುತು ಮಾಡಿಕೊಳ್ಳಿ. ಕೇಳಿಸದವರು ತಪ್ಪು ಉತ್ತರ ಕೊಡುವುದು ಮರೆವಿನಿಂದಲ್ಲ.

ಅಂಕಕ್ಕಿಂತ ಹೆಚ್ಚು ಹೇಳುವುದು ದಿನದ ಕೆಲಸ. ಸಂಧ್ಯಾ ಸುರಕ್ಷಾದ ಪಗಾರ ಎಣಿಸಿಕೊಳ್ಳುತ್ತಾರೆಯೇ? ಐನೂರು ಕೊಟ್ಟು ಚಿಲ್ಲರೆ ತಿಳಿದು ವಾಪಸ್ ಪಡೆಯುತ್ತಾರೆಯೇ? ರೊಟ್ಟಿ ಬಡಿಯುವಾಗ ಉರಿ ಆರಿಸುವುದು ಮರೆಯುತ್ತಾರೆಯೇ? ಹೊಲದಿಂದ ಮನೆಗೆ ದಾರಿ ಸಿಗುತ್ತದೆಯೇ? ಇಲ್ಲೊಂದು ಸೂಕ್ಷ್ಮವಿದೆ: ನಮ್ಮ ಮನೆಗಳಲ್ಲಿ ಹಿರಿಯರಿಗೆ ಗೌರವದಿಂದಲೇ ಯಾವ ಕೆಲಸವನ್ನೂ ಹಚ್ಚುವುದಿಲ್ಲ. ಕೆಲಸವೇ ಇಲ್ಲದವರಲ್ಲಿ ಕೆಲಸ ತಪ್ಪುವುದು ಕಾಣುವುದಾದರೂ ಹೇಗೆ? ಹಾಗಾಗಿ ಕಾಯಿಲೆ ಎರಡು-ಮೂರು ವರ್ಷ ಅಡಗಿ, ದಾರಿ ತಪ್ಪಿಸಿಕೊಂಡ ದಿನವೇ ಬಯಲಾಗುತ್ತದೆ.

ಚೀಲದಲ್ಲಿರುವ ಮಾತ್ರೆಗಳು

ಬರುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಯ ಪಟ್ಟಿಗಳನ್ನೂ ಚೀಲಕ್ಕೆ ಹಾಕಿಕೊಂಡು ಬನ್ನಿ. ನಿದ್ದೆಗೆ ಆಲ್‌ಪ್ರಜೋಲಾಮ್, ಕಾಲುಜೋಮಿಗೆ ಅಮಿಟ್ರಿಪ್ಟಿಲಿನ್, ನೆಗಡಿಗೆ ಕ್ಲೋರ್‌ಫೆನಿರಮಿನ್, ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್: ಇವು ಒಂದೊಂದೂ ಮರೆವನ್ನು ಹೆಚ್ಚಿಸುತ್ತವೆ. ಹೊಸದೊಂದು ಬರೆಯುವ ಮುಂಚೆ ಇವುಗಳಲ್ಲಿ ಯಾವುದನ್ನು ನಿಲ್ಲಿಸಬಹುದು ಎಂದು ನೋಡುವುದೇ ಚಿಕಿತ್ಸೆಯ ಮೊದಲ ಭಾಗ. ಆದರೆ ಇವನ್ನು, ಅದರಲ್ಲೂ ನಿದ್ದೆ ಮಾತ್ರೆಯನ್ನು, ತಾವಾಗಿಯೇ ಒಮ್ಮೆಲೇ ಬಿಡಬಾರದು, ವೈದ್ಯರು ಹೇಳಿದಂತೆ ಇಳಿಸುತ್ತ ಬರಬೇಕು.

ಅಲ್ಝೈಮರ್ಸ್ ಎಂದು ಖಾತ್ರಿಯಾದರೆ ಡೊನೆಪೆಜಿಲ್ ಇಂದಿಗೂ ಮೊದಲ ಮದ್ದು. ರಾತ್ರಿ 5 ಮಿಲಿಗ್ರಾಂನಿಂದ ಶುರು, 4ರಿಂದ 6 ವಾರ ತಡೆದುಕೊಂಡರೆ 10. ಕೆಟ್ಟ ಕನಸು ಬಂದರೆ ಬೆಳಿಗ್ಗೆಗೆ ಬದಲಿಸುತ್ತಾರೆ. ಶುರುಮಾಡುವ ಮುಂಚೆ ನಾಡಿ ಎಣಿಸಲೇಬೇಕು. ಇದು ಹೃದಯದ ಬಡಿತ ಇಳಿಸುತ್ತದೆ, ಬಿಪಿಗೆ ಕೊಡುವ ಮೆಟೊಪ್ರೊಲಾಲ್ ಕೂಡ ಇಳಿಸುತ್ತದೆ, ಎರಡೂ ಸೇರಿದರೆ ತಲೆಸುತ್ತಿ ಬಿದ್ದು ಚಪ್ಪೆ ಮೂಳೆ ಮುರಿಯಬಹುದು. ಇನ್ನೊಂದು ಸರಪಳಿ: ಡೊನೆಪೆಜಿಲ್‌ನಿಂದ ಪದೇಪದೇ ಮೂತ್ರ ಬರುತ್ತದೆ, ಅದಕ್ಕೆ ಬೇರೊಬ್ಬರು ಆಕ್ಸಿಬ್ಯುಟಿನಿನ್ ಬರೆಯುತ್ತಾರೆ, ಅದು ಡೊನೆಪೆಜಿಲ್‌ನ ಕೆಲಸವನ್ನೇ ರದ್ದು ಮಾಡುತ್ತದೆ. ರೋಗಿಗೆ ಎರಡು ಮಾತ್ರೆಯ ಖರ್ಚು, ಲಾಭ ಸೊನ್ನೆ.

ಹೊಟ್ಟೆಗೆ ಆಗದವರಿಗೆ ಚರ್ಮಕ್ಕೆ ಅಂಟಿಸುವ ರಿವಾಸ್ಟಿಗ್ಮಿನ್ ಪಟ್ಟಿ ಇದೆ. ಹೊಸದನ್ನು ಅಂಟಿಸುವ ಮುಂಚೆ ಹಳೆಯದನ್ನು ಕೀಳಬೇಕು. ಕೀಳದೆ ಮೇಲೆ ಮೇಲೆ ಅಂಟಿಸಿ ಡೋಸ್ ಮೀರಿ ಸತ್ತವರಿದ್ದಾರೆ. ಮಧ್ಯಮ ಹಂತ ದಾಟಿದ ಮೇಲೆ ಮೆಮಾಂಟಿನ್, 5 ಮಿಲಿಗ್ರಾಂನಿಂದ ವಾರಕ್ಕೆ ಐದರಂತೆ ಏರಿಸಿ 20ಕ್ಕೆ. ಮೂತ್ರಪಿಂಡ ತೀರ ಸೋತಿದ್ದರೆ 10 ಸಾಕು. ಇವು ಯಾವುವೂ ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ಕೆಲಕಾಲ ದಿನಚರಿ ಹಳಿ ತಪ್ಪದಂತೆ ಹಿಡಿಯುತ್ತವೆ. ಪಿರಾಸಿಟಾಮ್, ಗಿಂಕೊ, ‘ಮೆದುಳಿನ ಟಾನಿಕ್’ಗಳಿಂದ ಅಷ್ಟೂ ಸಿಗುವುದಿಲ್ಲ.

ಸಂಜೆಯ ಗಲಾಟೆ

ಮನೆಯವರನ್ನು ಹಣ್ಣು ಮಾಡುವುದು ಮರೆವಿಗಿಂತ ಸಂಜೆಯ ಗಲಾಟೆ. ‘ನಮ್ಮನಿಗೆ ಹೋಗೋಣ’ ಎಂದು ತನ್ನ ಮನೆಯಲ್ಲೇ ಕೂತು ಹಟ, ಸೊಸೆ ದುಡ್ಡು ಕದ್ದಳೆಂಬ ಆರೋಪ. ವಾದ ಮಾಡಿದಷ್ಟೂ ಏರುತ್ತದೆ, ಏಕೆಂದರೆ ನೀವು ಕೊಟ್ಟ ಉತ್ತರ ಐದು ನಿಮಿಷಕ್ಕೆ ಅಳಿಸಿಹೋಗಿ ಸಿಟ್ಟು ಮಾತ್ರ ಉಳಿಯುತ್ತದೆ. ‘ಹೂಂ, ಚಹಾ ಕುಡಿದು ಹೋಗೋಣ’ ಎಂದು ಮಾತು ತಿರುಗಿಸಿ. ಎಂದಿಗಿಂತ ಜೋರಾಗಿದ್ದರೆ ಹೊಟ್ಟೆ ಕಟ್ಟಿದೆಯೇ, ಮೂತ್ರ ಉರಿಯುತ್ತಿದೆಯೇ, ಹಲ್ಲುನೋವಿದೆಯೇ, ಸೆಕೆಯೇ ಎಂದು ಒಂದೊಂದಾಗಿ ನೋಡಿ. ಹೇಳಿಕೊಳ್ಳಲಾಗದ ನೋವು ಕೂಗಾಗಿ ಬರುತ್ತದೆ.

ಮದ್ದೇ ಬೇಕಾದರೆ ಭ್ರಮೆ, ಉದ್ರೇಕ ತಗ್ಗಿಸುವ ರಿಸ್ಪೆರಿಡೋನ್‌ನಂಥದ್ದು ಕಾಲು-ಅರ್ಧ ಮಿಲಿಗ್ರಾಂನಷ್ಟು, ಕೆಲವು ವಾರಕ್ಕೆ ಮಾತ್ರ. ಮುಪ್ಪಿನ ಮರೆವಿನವರಲ್ಲಿ ಈ ಗುಂಪಿನ ಮದ್ದುಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಬರೆದ ಚೀಟಿಯನ್ನೇ ಅಂಗಡಿಯಲ್ಲಿ ತೋರಿಸಿ ಎರಡು ವರ್ಷ ತಿನ್ನಿಸುವುದು ಅಪಾಯಕಾರಿ.

ಅಂಗಿಯ ಒಳಮಗ್ಗುಲಲ್ಲಿ ಮನೆಯ ಫೋನ್ ನಂಬರ್ ಹೊಲಿಯಿರಿ. ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸಿನ ಗದ್ದಲಕ್ಕೆ ಒಯ್ಯುವುದಾದರೆ ಅಂದಿನ ಬಟ್ಟೆಯಲ್ಲೇ ಒಂದು ಫೋಟೊ ಹೊರಡುವ ಮುಂಚೆ ತೆಗೆದಿಡಿ. ಆರೈಕೆ ಮಾಡುವವರಿಗೆ ಮಾತಾಡಿ ಹಗುರಾಗಬೇಕೆನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567 ಇವೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಶುರುಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್‌ನ ಉದ್ದೇಶವೇ ಜಿಲ್ಲಾ ಮಟ್ಟದಲ್ಲಿ ಇಂಥ ತಪಾಸಣೆ ಸಿಗುವಂತೆ ಮಾಡುವುದು. ಹೈದರಾಬಾದಿನ ಬಸ್ ಹತ್ತುವ ಮುಂಚೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ಹೆಬ್ಬೆಟ್ಟಿಗೆ ಬೆಲೆ ಇರುವಾಗಲೇ

ಗುಣವಾಗದ ಕಾಯಿಲೆಯನ್ನು ಬೇಗ ಪತ್ತೆ ಮಾಡಿ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಇಂಜೆಕ್ಷನ್ನಿನ ಮಾತು ಬಿಟ್ಟರೂ ಒಂದು ಗಟ್ಟಿ ಪ್ರಯೋಜನ ಉಳಿಯುತ್ತದೆ. ಆರಂಭದ ಹಂತದಲ್ಲಿ ಆ ವ್ಯಕ್ತಿ ತನ್ನ ಹೊಲ, ಮನೆ, ದುಡ್ಡು, ಚಿಕಿತ್ಸೆಯ ಬಗ್ಗೆ ತಾನೇ ತೀರ್ಮಾನ ಮಾಡಬಲ್ಲ. ಆಮೇಲೆ ಆಗದು, ಕಾನೂನೂ ಒಪ್ಪದು.

ತಪ್ಪು ತಿಳಿವಳಿಕೆ ಹೆಚ್ಚಿರುವುದು ಅಧಿಕಾರ ಪತ್ರದ ವಿಷಯದಲ್ಲಿ. ಅಪ್ಪ ಚೆನ್ನಾಗಿದ್ದಾಗ ಮಗನ ಹೆಸರಿಗೆ ಜನರಲ್ ಪವರ್ ಆಫ್ ಅಟಾರ್ನಿ ಬರೆದುಕೊಟ್ಟರೆ ಮುಂದೆ ಚಿಂತೆಯಿಲ್ಲ ಎಂದು ಬಹಳ ಜನ ನಂಬಿದ್ದಾರೆ. 1872ರ ಕರಾರು ಕಾಯ್ದೆಯ 201ನೆಯ ಕಲಮಿನ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದ ಕೂಡಲೇ ಆ ಅಧಿಕಾರವೂ ಮುಗಿಯುತ್ತದೆ. ಬೇಕಾದ ಹೊತ್ತಿಗೇ ಆ ಕಾಗದ ಕೆಲಸಕ್ಕೆ ಬಾರದು. ಆ ಹಂತದಲ್ಲಿ ಪಾಲಕರ ನೇಮಕಕ್ಕೆ ನ್ಯಾಯಾಲಯಕ್ಕೇ ಹೋಗಬೇಕಾಗುತ್ತದೆ, ಬಹಳ ಸಲ ಅದು ಹೈಕೋರ್ಟ್‌ವರೆಗೂ ಮುಟ್ಟುತ್ತದೆ. ಅದರ ಬದಲು ಆರಂಭದಲ್ಲೇ ಬ್ಯಾಂಕ್ ಖಾತೆಯನ್ನು ಜಂಟಿ ಮಾಡಿಸಿ, ನಾಮಿನಿ ಹೆಸರು ತುಂಬಿಸಿ. ಉಯಿಲು ಬರೆಯುವುದಾದರೆ ನೋಂದಣಿ ಮಾಡಿಸಿ, ಅದೇ ದಿನಾಂಕದಲ್ಲಿ ‘ಇವರು ತಿಳಿದು ಒಪ್ಪುವ ಸ್ಥಿತಿಯಲ್ಲಿದ್ದಾರೆ’ ಎಂಬ ವೈದ್ಯರ ಪ್ರಮಾಣಪತ್ರ ಲಗತ್ತಿಸಿ. ಚಿಕಿತ್ಸೆಯ ತೀರ್ಮಾನಕ್ಕೆ ತನ್ನ ಪರವಾಗಿ ಯಾರು ಎಂಬುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೂ ನಡೆಯುತ್ತದೆ.

ನಾಲ್ವರು ಮಕ್ಕಳಿದ್ದು ಹನ್ನೆರಡು ಎಕರೆ ತೊಗರಿ ಹೊಲ ಇರುವ ಮನೆಯಲ್ಲಿ ಈ ಕೆಲಸ ಡೊನೆಪೆಜಿಲ್‌ನ ಮೊದಲ ಪಟ್ಟಿ ಮುಗಿಯುವುದರೊಳಗೆ ಆಗಬೇಕು. ಹೊಲ ಯಾರದೆಂದು ಮುತ್ತ್ಯಾನನ್ನು ಕೇಳಿದರೆ ಅವನಿಂದ ಇನ್ನೂ ಸರಿಯಾದ ಉತ್ತರ ಬರುವ ಕಾಲ ಅದೇ.